ಅಂಗಳದ ಹೂವು, ಅಂಗೈಯ ಕ್ಯಾಮೆರಾ

ದಾಸವಾಳದ ಆಯಸ್ಸು ಒಂದೇ ಹಗಲು. ಬೆಳಿಗ್ಗೆ ಅರಳಿದ್ದು ದೀಪ ಹಚ್ಚುವ ಹೊತ್ತಿಗೆ ಮುದುಡಿರುತ್ತದೆ. ಅಷ್ಟರೊಳಗೆ ಅದು ದೇವರ ಪಟ ಸೇರಬೇಕು, ಇಲ್ಲವೇ ಗಿಡದಲ್ಲೇ ಬಾಡಬೇಕು. ಆ ಒಂದು ಹಗಲನ್ನು ಹಿಡಿದಿಟ್ಟುಕೊಳ್ಳುವ ಸಾಧನ ಇವತ್ತು ಬಹುತೇಕ ಎಲ್ಲರ ಕೈಯಲ್ಲೂ ಇದೆ. ಹಾಗಾಗಿಯೇ ಬೆಳಗಾದರೆ ನಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳ ತುಂಬ ಹೂವುಗಳು.

ಆದರೆ ಹೊಸದಾಗಿ ಹೂವಿನ ಫೋಟೊ ತೆಗೆಯಲು ಹೊರಟವರ ಬೇಸರವೂ ಒಂದೇ. ಕಣ್ಣಿಗೆ ಅಷ್ಟು ಚೆಂದ ಕಂಡದ್ದು ಫೋಟೊದಲ್ಲಿ ಕಾಣುವುದಿಲ್ಲ. ಎಸಳಿನ ಗೆರೆಗಳೆಲ್ಲ ಅಳಿಸಿಹೋಗಿ ಹೂವು ಕೆಂಪು ಮುದ್ದೆಯಾಗಿರುತ್ತದೆ. ಹಿಂದೆ ಬಟ್ಟೆ ಒಣಹಾಕಿದ ಹಗ್ಗ, ಪಕ್ಕದಲ್ಲಿ ನೀರಿನ ಪೈಪು. "ನನ್ನ ಫೋನ್ ಅಷ್ಟು ಚೆನ್ನಾಗಿಲ್ಲ" ಎಂದು ಅಲ್ಲಿಗೆ ಬಿಟ್ಟುಬಿಡುತ್ತಾರೆ.

ತಪ್ಪು ಫೋನಿನದ್ದಾಗಿರುವುದು ಕಡಿಮೆ. ನಿಂತ ಎತ್ತರದಿಂದಲೇ ತೆಗೆಯುವುದು, ಬಿಸಿಲು ಏರಿದ ಮೇಲೆ ತೆಗೆಯುವುದು, ಕಂಡ ತಕ್ಷಣ ಒತ್ತಿಬಿಡುವುದು, ಈ ಮೂರು ಅಭ್ಯಾಸಗಳೇ ಹೂವಿನ ಫೋಟೊಗಳನ್ನು ಕೆಡಿಸುತ್ತವೆ. ಇವನ್ನು ಬಿಟ್ಟರೆ ಹತ್ತು ಸಾವಿರ ರೂಪಾಯಿಯ ಫೋನಿನಲ್ಲೂ ಕಣ್ಣು ನಿಲ್ಲಿಸುವ ಫೋಟೊ ಸಾಧ್ಯ. ಬೇಕಾದದ್ದು ಒಳ್ಳೆಯ ಬೆಳಕು, ಸ್ವಲ್ಪ ಬಗ್ಗುವ ಮನಸ್ಸು ಮತ್ತು ಹೂವಿನ ಎದುರು ಐದು ನಿಮಿಷ.

ಮೊದಲು ಲೆನ್ಸ್ ಒರೆಸಿ

ಜೇಬಿನಲ್ಲೋ ವ್ಯಾನಿಟಿ ಬ್ಯಾಗಿನಲ್ಲೋ ಇರುವ ಫೋನಿನ ಲೆನ್ಸಿಗೆ ಬೆರಳಿನ ಜಿಡ್ಡು ಅಂಟಿಯೇ ಇರುತ್ತದೆ. ಫೋಟೊ ಮಂಜು ಕವಿದಂತೆ ಕಾಣಲು, ಬೆಳಕಿನ ಸುತ್ತ ಮಬ್ಬು ಹರಡಲು ಇದೇ ಮುಖ್ಯ ಕಾರಣ. ಕನ್ನಡಕ ಒರೆಸುವ ಬಟ್ಟೆಯಿಂದ, ಅದಿಲ್ಲದಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒಮ್ಮೆ ಹಗುರವಾಗಿ ಒರೆಸಿ.

ನಂತರ ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಗ್ರಿಡ್ ಆನ್ ಮಾಡಿ. ಪರದೆಯ ಮೇಲೆ ಎರಡು ಅಡ್ಡಗೆರೆ, ಎರಡು ಉದ್ದಗೆರೆ ಮೂಡುತ್ತವೆ. ಹೂವನ್ನು ಯಾವಾಗಲೂ ನಟ್ಟನಡುವೆ ಇಡುವ ಬದಲು ಗೆರೆಗಳು ಕೂಡುವ ನಾಲ್ಕು ಬಿಂದುಗಳಲ್ಲಿ ಒಂದರ ಹತ್ತಿರ ಇಟ್ಟು ನೋಡಿ. ಹೂವು ಮುಖ ಮಾಡಿದ ಕಡೆಗೆ ಹೆಚ್ಚು ಜಾಗ ಬಿಡಿ. ಸೇವಂತಿಗೆ, ಡೇರೆಯಂತೆ ದುಂಡಗೆ, ಸಮವಾಗಿ ಎಸಳು ಜೋಡಿಸಿಕೊಂಡ ಹೂವುಗಳಿಗೆ ಮಾತ್ರ ನಡುಜಾಗವೇ ಒಪ್ಪುತ್ತದೆ. ಫ್ಲ್ಯಾಶ್ ಆಫ್ ಮಾಡಿ. ಹತ್ತಿರದಿಂದ ಬೀಳುವ ಆ ಬಿಳಿ ಬೆಳಕು ಎಸಳಿನ ಮೃದುತನವನ್ನೆಲ್ಲ ನುಂಗಿಬಿಡುತ್ತದೆ.

ಬೆಳಕೇ ಅರ್ಧ ಫೋಟೊ

ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಹೂವಿನ ಫೋಟೊಗೆ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ಬೆಳಕು ಓರೆಯಾಗಿ, ಮೆತ್ತಗೆ ಬೀಳುತ್ತದೆ. ಹೂವು ತಾಜಾ ಇರುತ್ತದೆ, ಇಬ್ಬನಿ ಇನ್ನೂ ಆರಿರುವುದಿಲ್ಲ, ಗಾಳಿಯೂ ಸಾಮಾನ್ಯವಾಗಿ ಕಡಿಮೆ. ಸಂಜೆ ಐದರ ನಂತರದ ಬೆಳಕೂ ಚೆಂದವೇ, ಆದರೆ ಅಷ್ಟು ಹೊತ್ತಿಗೆ ಹಲವು ಹೂವುಗಳು ಬಳಲಿರುತ್ತವೆ.

ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ. ಬಿಸಿಲು ಬಿದ್ದ ಎಸಳು ಬೆಳ್ಳಗೆ ಸುಟ್ಟಂತೆ, ನೆರಳಿನ ಭಾಗ ಕಪ್ಪಗೆ ಕಾಣುತ್ತದೆ. ನಮ್ಮ ಕಣ್ಣು ಎರಡನ್ನೂ ಒಟ್ಟಿಗೆ ಸಂಭಾಳಿಸುತ್ತದೆ, ಕ್ಯಾಮೆರಾಕ್ಕೆ ಅಷ್ಟು ಸಾಮರ್ಥ್ಯವಿಲ್ಲ. ಆ ಹೊತ್ತಿನಲ್ಲೇ ತೆಗೆಯಬೇಕಾಗಿ ಬಂದರೆ ಹೂವಿಗೆ ನೆರಳು ಮಾಡಿ. ನಿಮ್ಮ ಮೈಯ ನೆರಳು ಸಾಕು. ತಿಳಿ ಬಣ್ಣದ ಕೊಡೆ ಅಥವಾ ತೆಳ್ಳನೆಯ ಬಿಳಿ ಪಂಚೆಯನ್ನು ಬಿಸಿಲಿಗೆ ಅಡ್ಡ ಹಿಡಿದರೆ ಇನ್ನೂ ಒಳ್ಳೆಯದು. ಬೆಳಕು ಬಟ್ಟೆಯ ಮೂಲಕ ಸೋಸಿಕೊಂಡು ಬಂದು ಹೂವಿನ ಮೇಲೆ ಸಮನಾಗಿ ಹರಡುತ್ತದೆ.

ಮೋಡ ಕವಿದ ದಿನ ಫೋಟೊ ಚೆನ್ನಾಗಿ ಬರುವುದಿಲ್ಲ ಎಂದು ಹಲವರು ಸುಮ್ಮನಿದ್ದುಬಿಡುತ್ತಾರೆ. ಹೂವಿನ ಮಟ್ಟಿಗೆ ಅದು ತಿರುಗುಮುರುಗು. ಮೋಡವೆಂದರೆ ಆಕಾಶದ ತುಂಬ ಕಟ್ಟಿದ ಬಿಳಿ ಪಂಚೆ. ಆಷಾಢ, ಶ್ರಾವಣದ ಮೋಡದ ಬೆಳಕಿನಲ್ಲಿ ಹೂವಿನ ಬಣ್ಣ ತುಂಬಿಕೊಂಡು ಬರುತ್ತದೆ. ಮಳೆ ನಿಂತ ಹತ್ತು ನಿಮಿಷದಲ್ಲಿ ಹಿತ್ತಲಿಗೆ ಇಳಿದು ನೋಡಿ, ಎಸಳಂಚಿನ ಹನಿಗಳು ನಿಮಗಾಗಿಯೇ ಕಾದಂತಿರುತ್ತವೆ.

ಇನ್ನೊಂದು ಬಗೆಯ ಬೆಳಕನ್ನು ಖಂಡಿತ ಪ್ರಯತ್ನಿಸಿ. ಬೆಳಗಿನ ಸೂರ್ಯ ಹೂವಿನ ಹಿಂದೆ ಇರುವಂತೆ ನಿಲ್ಲಿ. ತೆಳು ಎಸಳಿನ ಹೂವುಗಳು, ಅಂದರೆ ದಾಸವಾಳ, ಟೇಬಲ್ ರೋಸ್, ಕಾಸ್ಮಾಸ್, ಒಳಗೆ ದೀಪ ಹಚ್ಚಿಟ್ಟಂತೆ ಬೆಳಗುತ್ತವೆ. ಎಸಳಿನ ನರನರವೂ ಕಾಣುತ್ತದೆ. ಸೂರ್ಯನ ನೇರ ಕಿರಣ ಲೆನ್ಸಿಗೆ ತಾಗದಂತೆ ಹೂವಿನಿಂದಲೇ ಮರೆಮಾಡಿಕೊಳ್ಳಿ.

ಎಷ್ಟು ಹತ್ತಿರ ಹೋಗಬೇಕು?

ಹೂವು ದೊಡ್ಡದಾಗಿ ಬರಲೆಂದು ಫೋನನ್ನು ಅದಕ್ಕೆ ತಾಗಿಸುವಷ್ಟು ಹತ್ತಿರ ಒಯ್ಯುವುದು ಹೊಸಬರೆಲ್ಲ ಮಾಡುವ ಕೆಲಸ. ಪ್ರತಿ ಲೆನ್ಸಿಗೂ ಒಂದು ಕನಿಷ್ಠ ದೂರವಿದೆ. ಅದಕ್ಕಿಂತ ಹತ್ತಿರವಾದರೆ ಎಷ್ಟು ಒತ್ತಿದರೂ ಫೋಕಸ್ ಆಗುವುದಿಲ್ಲ. ಬಹಳಷ್ಟು ಫೋನುಗಳ ಮುಖ್ಯ ಕ್ಯಾಮೆರಾಕ್ಕೆ ಈ ದೂರ ಸುಮಾರು 10ರಿಂದ 20 ಸೆಂಟಿಮೀಟರು. ನಿಮ್ಮ ಫೋನಿನದ್ದು ಎಷ್ಟೆಂದು ತಿಳಿಯಲು ಒಂದು ಪುಸ್ತಕದ ಅಕ್ಷರಗಳ ಮೇಲೆ ಹಿಡಿದು ಮೆಲ್ಲಗೆ ಹತ್ತಿರ ತನ್ನಿ. ಅಕ್ಷರ ಮಸುಕಾಗುವ ಜಾಗವೇ ಗಡಿ. ಅಲ್ಲಿಂದ ಅಂಗುಲ ಹಿಂದೆ ಸರಿದು ಫೋಟೊ ತೆಗೆಯಿರಿ. ಹೂವು ಚಿಕ್ಕದಾಗಿ ಕಂಡರೆ ಚಿಂತೆ ಬೇಡ, ಆಮೇಲೆ ಕತ್ತರಿಸಿಕೊಳ್ಳಬಹುದು.

ಫೋನಿನಲ್ಲಿ 2x ಗುಂಡಿ ಇದ್ದರೆ ಅದನ್ನು ಬಳಸಿ ಸ್ವಲ್ಪ ದೂರದಿಂದ ತೆಗೆಯುವುದು ಇನ್ನೂ ಒಳ್ಳೆಯದು. ಫೋನಿನ ನೆರಳು ಹೂವಿನ ಮೇಲೆ ಬೀಳುವುದಿಲ್ಲ, ಎಸಳುಗಳ ಆಕಾರ ಸೊಟ್ಟಗಾಗುವುದಿಲ್ಲ, ಹಿನ್ನೆಲೆಯೂ ಸರಳವಾಗುತ್ತದೆ. ಎರಡು ಬೆರಳಿನಿಂದ ಎಳೆದೆಳೆದು 8x, 10xವರೆಗೆ ಝೂಮ್ ಮಾಡುವುದು ಮಾತ್ರ ಬೇಡ. ದೂರದ ದೃಶ್ಯಕ್ಕೆಂದೇ ಬೇರೆ ಲೆನ್ಸ್ ಇಲ್ಲದ ಫೋನಿನಲ್ಲಿ ಅದು ಚಿತ್ರವನ್ನು ಹಿಗ್ಗಿಸುತ್ತದೆಯೇ ಹೊರತು ಹೊಸ ವಿವರ ತರುವುದಿಲ್ಲ.

ತುಂಬೆ, ಮುಟ್ಟಿದರೆ ಮುನಿ, ತುಳಸಿಯ ಕದಿರುಗಳಂಥ ಪುಟ್ಟ ಹೂಗಳಿಗೆ ಮ್ಯಾಕ್ರೊ ಬೇಕು. ಕೆಲವು ದುಬಾರಿ ಫೋನುಗಳು ತಾವಾಗಿಯೇ ಮ್ಯಾಕ್ರೊಗೆ ಬದಲಾಗಿ ಎರಡು ಮೂರು ಸೆಂಟಿಮೀಟರ್ ಹತ್ತಿರದಿಂದಲೂ ಫೋಕಸ್ ಮಾಡುತ್ತವೆ. ಕಡಿಮೆ ಬೆಲೆಯ ಫೋನುಗಳಲ್ಲಿ 2 ಮೆಗಾಪಿಕ್ಸೆಲಿನ ಪ್ರತ್ಯೇಕ ಮ್ಯಾಕ್ರೊ ಲೆನ್ಸ್ ಇರುವುದುಂಟು, ಅದರ ಫೋಟೊ ಅಷ್ಟಕ್ಕಷ್ಟೆ. ಅದಕ್ಕಿಂತ ಮುಖ್ಯ ಕ್ಯಾಮೆರಾಕ್ಕೆ ಸಿಕ್ಕಿಸುವ ಕ್ಲಿಪ್ ಮ್ಯಾಕ್ರೊ ಲೆನ್ಸ್ ವಾಸಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅಭ್ಯಾಸಕ್ಕೆ ಧಾರಾಳವಾಗಿ ಸಾಕು.

ದಾಸವಾಳ ಕಲಿಸುವ ಪಾಠ

ಕಲಿಯಲು ಒಂದೇ ಹೂವು ಸಾಕೆಂದರೆ ನಾನು ಐದೆಸಳಿನ ಕೆಂಪು ದಾಸವಾಳವನ್ನೇ ಹೇಳುತ್ತೇನೆ. ಅದರ ಎದುರು ಒಮ್ಮೆ ಕುಕ್ಕರಗಾಲಿನಲ್ಲಿ ಕೂತು ನೋಡಿ. ಎಸಳುಗಳ ನಡುವಿನಿಂದ ಒಂದು ದಂಡು ಮುಂದಕ್ಕೆ ಚಾಚಿಕೊಂಡಿದೆ. ಅದರ ಸುತ್ತ ಹಳದಿ ಪರಾಗ ಹೊತ್ತ ಸಣ್ಣ ಕೇಸರಗಳು. ತುತ್ತತುದಿಯಲ್ಲಿ ಐದು ಪುಟ್ಟ ಕವಲು, ಒಂದೊಂದರ ನೆತ್ತಿಯಲ್ಲೂ ಮಖಮಲ್ಲಿನ ಗುಂಡಿಯಂಥ ಕೆಂಪು ಚುಕ್ಕೆ. ದಿನವೂ ಬಿಡಿಸಿ ದೇವರಿಗೆ ಏರಿಸುವ ಕೈಗಳೂ ಈ ಐದು ಚುಕ್ಕೆಗಳನ್ನು ಎಣಿಸಿರುವುದು ಅಪರೂಪ.

ಈಗ ಹೂವಿನ ನೇರ ಎದುರಿನಿಂದ ಒಂದು ಫೋಟೊ ತೆಗೆಯಿರಿ. ಚುಕ್ಕೆಗಳು ಸ್ಪಷ್ಟವಾದರೆ ಎಸಳು ಮಸುಕು, ಎಸಳು ಸ್ಪಷ್ಟವಾದರೆ ಚುಕ್ಕೆ ಮಸುಕು. ಕಾರಣ ಸರಳ. ಇಷ್ಟು ಹತ್ತಿರದಲ್ಲಿ ಕ್ಯಾಮೆರಾಕ್ಕೆ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ ಬೆರಳಗಲ. ದಾಸವಾಳದ ದಂಡು ಬೆರಳುದ್ದ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ಪಕ್ಕಕ್ಕೆ ಸರಿಯಿರಿ. ಹೂವಿನ ಮಗ್ಗುಲಿಗೆ ಬಂದು, ದಂಡಿಗೆ ಸಮಾನಾಂತರವಾಗಿ ಫೋನು ಹಿಡಿಯಿರಿ. ಈಗ ದಂಡು ಬುಡದಿಂದ ತುದಿಯವರೆಗೂ ಲೆನ್ಸಿನಿಂದ ಒಂದೇ ದೂರದಲ್ಲಿದೆ. ಪರದೆಯಲ್ಲಿ ಪರಾಗದ ಮೇಲೆ ಬೆರಳಿನಿಂದ ತಟ್ಟಿ. ಚುಕ್ಕೆ, ಕೇಸರ, ಪರಾಗದ ಕಣ, ಎಲ್ಲವೂ ಬಿಡಿಬಿಡಿಯಾಗಿ ನಿಲ್ಲುತ್ತವೆ, ಎಸಳುಗಳು ಹಿಂದೆ ಮೆತ್ತನೆಯ ಕೆಂಪಾಗಿ ಹರಡಿಕೊಳ್ಳುತ್ತವೆ.

ಹೂವಿನ ಯಾವ ಭಾಗ ಸ್ಪಷ್ಟವಾಗಿ ಕಾಣಬೇಕೆಂದು ಮೊದಲೇ ತೀರ್ಮಾನಿಸಿ, ಅದನ್ನು ಫೋನಿಗೆ ಸಮಾನಾಂತರವಾಗಿ ತಂದುಕೊಳ್ಳಿ. ಲಿಲ್ಲಿ, ಸಂಪಿಗೆ, ಶಂಖಪುಷ್ಪ ಎಲ್ಲಕ್ಕೂ ಇದೇ ಸೂತ್ರ.

ಕೆಂಪು ಮುದ್ದೆಯಾಗದಿರಲು

ಕೆಂಪು, ಕೇಸರಿ, ಹಳದಿ ಹೂಗಳು ಫೋನಿನ ಕ್ಯಾಮೆರಾಕ್ಕೆ ಕಠಿಣ ಪರೀಕ್ಷೆ. ಕ್ಯಾಮೆರಾ ಹಸಿರೆಲೆಗಳನ್ನೂ ಸೇರಿಸಿ ಇಡೀ ದೃಶ್ಯದ ಬೆಳಕು ಅಳೆಯುತ್ತದೆ. ಅಷ್ಟರಲ್ಲಿ ಹೂವಿನ ಕೆಂಪು ತನ್ನ ಮಿತಿ ಮುಟ್ಟಿಬಿಟ್ಟಿರುತ್ತದೆ. ಮಿತಿ ಮುಟ್ಟಿದ ಬಣ್ಣದಲ್ಲಿ ಛಾಯೆಗಳಿಲ್ಲ, ಗೆರೆಗಳಿಲ್ಲ. ಮಲ್ಲಿಗೆ, ನಂದಿಬಟ್ಟಲಿನಂಥ ಬಿಳಿ ಹೂಗಳಿಗೂ ಇದೇ ಗತಿ, ಎಸಳುಗಳೆಲ್ಲ ಸೇರಿ ಸುಣ್ಣದ ಉಂಡೆಯಾಗುತ್ತವೆ.

ಹೂವಿನ ಮೇಲೆ ಬೆರಳು ತಟ್ಟಿದಾಗ ಪಕ್ಕದಲ್ಲಿ ಸೂರ್ಯನ ಚಿಹ್ನೆಯೋ ಚಿಕ್ಕ ಪಟ್ಟಿಯೋ ಮೂಡುತ್ತದೆ. ಅದನ್ನು ಬೆರಳಿನಿಂದ ಸ್ವಲ್ಪ ಕೆಳಕ್ಕೆ ಎಳೆಯಿರಿ. ಚಿತ್ರ ತುಸು ಕಪ್ಪಾಗುತ್ತಿದ್ದಂತೆ ಎಸಳಿನ ಮಡಿಕೆಗಳು ಒಂದೊಂದಾಗಿ ಕಾಣತೊಡಗುತ್ತವೆ. ಅಲ್ಲಿ ನಿಲ್ಲಿಸಿ. ಕಪ್ಪಾದದ್ದನ್ನು ಆಮೇಲೆ ತಿಳಿಯಾಗಿಸಬಹುದು, ಸುಟ್ಟುಹೋದ ಬಿಳಿಯಲ್ಲಿ ಕಳೆದ ಗೆರೆಯನ್ನು ಯಾವ ಆ್ಯಪ್ ಕೂಡ ಮರಳಿ ತರಲಾರದು. ಹೂವಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಆಗ ನೆಮ್ಮದಿಯಿಂದ ಫ್ರೇಮ್ ಹೊಂದಿಸಿಕೊಳ್ಳಬಹುದು.

ಹಿಂದೆ ಏನಿದೆ ನೋಡಿ

ಒತ್ತುವ ಮೊದಲು ಹೂವನ್ನು ಬಿಟ್ಟು ಪರದೆಯ ನಾಲ್ಕು ಮೂಲೆಗಳನ್ನು ನೋಡುವ ರೂಢಿ ಮಾಡಿಕೊಳ್ಳಿ. ಒಣಗಿದ ಎಲೆ, ಪ್ಲಾಸ್ಟಿಕ್ ಕವರು, ಕರೆಂಟು ಕಂಬ, ಎಲ್ಲವೂ ಅಲ್ಲೇ ಸಿಗುತ್ತವೆ. ಎಷ್ಟೋ ಸಲ ಒಂದು ಹೆಜ್ಜೆ ಎಡಕ್ಕೆ ಸರಿದರೆ, ಒಂದು ಗೇಣು ಕೆಳಗೆ ಬಗ್ಗಿದರೆ ಸಾಕು, ಕಸವೆಲ್ಲ ಹೂವಿನ ಮರೆಗೆ ಹೋಗುತ್ತದೆ.

ಹಿನ್ನೆಲೆ ಮಸುಕಾಗಬೇಕಾದರೆ ನೀವು ಹೂವಿಗೆ ಹತ್ತಿರವಿರಬೇಕು, ಹಿನ್ನೆಲೆ ಹೂವಿನಿಂದ ದೂರವಿರಬೇಕು. ಗೋಡೆಗೆ ಅಂಟಿಕೊಂಡ ಗಿಡಕ್ಕಿಂತ ಕಾಂಪೌಂಡಿನ ಆಚೆ ಬಯಲಿಗೆ ಚಾಚಿದ ಕೊಂಬೆಯ ಹೂವನ್ನು ಆರಿಸಿಕೊಳ್ಳಿ. ಪೋರ್ಟ್ರೇಟ್ ಮೋಡ್‌ನಲ್ಲಿ ಬರುವ ಮಸುಕು ಫೋನಿನ ಲೆಕ್ಕಾಚಾರದಿಂದ ಮಾಡಿದ್ದು. ಗುಲಾಬಿಯಂಥ ಗಟ್ಟಿ ಅಂಚಿನ ಹೂವಿಗೆ ಒಪ್ಪುತ್ತದೆ. ಎಳೆ ಎಳೆಯಾದ ಕೇಸರಗಳಿರುವ ಹೂವಿನಲ್ಲಿ ಅರ್ಧ ಎಳೆಗಳನ್ನೇ ಅಳಿಸಿಬಿಡುವುದುಂಟು, ದೊಡ್ಡದು ಮಾಡಿ ಪರೀಕ್ಷಿಸಿ.

ಕಪ್ಪು ಹಿನ್ನೆಲೆಯ ಹೂವಿನ ಫೋಟೊ ನೋಡಿ ಬೆರಗಾದವರಿಗೆ ಒಂದು ಸುಲಭದ ದಾರಿ: ಹೂವು ಬಿಸಿಲಿನಲ್ಲಿ, ಹಿಂದಿನ ಜಾಗ ಗಾಢ ನೆರಳಿನಲ್ಲಿ ಇರುವಂಥ ಕೋನ ಹುಡುಕಿ, ಸೂರ್ಯನ ಪಟ್ಟಿಯನ್ನು ಕೆಳಗೆಳೆಯಿರಿ. ಅಂಥ ಜಾಗ ಸಿಗದಿದ್ದರೆ ಯಾರಾದರೊಬ್ಬರು ಹಿಂದೆ ಎರಡು ಅಡಿ ದೂರದಲ್ಲಿ ಕಪ್ಪು ಬಟ್ಟೆ ಹಿಡಿದರಾಯಿತು.

ನೆಲಮಟ್ಟದ ಹೂವುಗಳಿಗೆ ಫೋನನ್ನು ತಲೆಕೆಳಗು ಮಾಡಿ. ಲೆನ್ಸ್ ಕೆಳಗೆ ಬಂದು ನೆಲಕ್ಕೆ ತಾಗುವಷ್ಟು ಹತ್ತಿರವಾಗುತ್ತದೆ. ಪುಟ್ಟ ತುಂಬೆ ಹೂವೂ ಆಕಾಶದ ಎದುರು ಮರದಂತೆ ನಿಲ್ಲುತ್ತದೆ.

ಗಾಳಿ, ಕೈನಡುಕ

ಗಾಳಿ ಬೀಸಿ ನಿಲ್ಲುತ್ತದೆ, ಮತ್ತೆ ಬೀಸುತ್ತದೆ. ನಡುವಿನ ಆ ಕ್ಷಣಕ್ಕೆ ಕಾಯಿರಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಪರದೆಯ ಬದಲು ವಾಲ್ಯೂಮ್ ಗುಂಡಿ ಒತ್ತಿದರೆ ಫೋನು ಅಲುಗುವುದಿಲ್ಲ. ಒಂದಕ್ಕೆ ನಿಲ್ಲಿಸದೆ ಐದಾರು ತೆಗೆಯಿರಿ, ಮನೆಗೆ ಬಂದು ಒಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸಿ. ಉದ್ದ ಕಾಂಡದ ಹೂವಾದರೆ ಫ್ರೇಮಿಗೆ ಬೀಳದಂತೆ ಕೆಳಗೆ ಇನ್ನೊಂದು ಕೈಯಿಂದ ಮೆಲ್ಲಗೆ ಹಿಡಿದುಕೊಳ್ಳಬಹುದು.

ಹೂವಿಗೊಂದು ಹೊತ್ತು

ಪ್ರತಿ ಹೂವಿಗೂ ಅದರದೇ ಗಡಿಯಾರವಿದೆ. ಪಾರಿಜಾತ ಇರುಳಲ್ಲಿ ಅರಳಿ ನಸುಕಿಗೆ ಉದುರುತ್ತದೆ. ಕೇಸರಿ ತೊಟ್ಟು ಮೇಲೆ ಮಾಡಿ ನೆಲದ ತುಂಬ ಬಿದ್ದ ಆ ರಾಶಿಯನ್ನು ಯಾರಾದರೂ ತುಳಿಯುವ ಮೊದಲೇ, ಫೋನನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಮೇಲಿಂದ ತೆಗೆಯಿರಿ. ಟೇಬಲ್ ರೋಸ್‌ಗೆ ಬಿಸಿಲು ಬೇಕು, ಮೋಡದ ದಿನ ಅದು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಸಂಜೆ ಮಲ್ಲಿಗೆ ಹೆಸರೇ ಹೇಳುವಂತೆ ಸಂಜೆಯದು.

ನಮ್ಮ ಮನೆಗಳಲ್ಲಿ ಬ್ರಹ್ಮಕಮಲ ಎಂದು ಕರೆಯುವ, ಕಳ್ಳಿ ಜಾತಿಗೆ ಸೇರಿದ ಬಿಳಿ ಹೂವು ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಬಿಚ್ಚತೊಡಗಿ, ನಡುರಾತ್ರಿಗೆ ಪೂರ್ತಿ ಅರಳಿ, ಬೆಳಗಾಗುವುದರೊಳಗೆ ಜೋತುಬೀಳುತ್ತದೆ. ಫ್ಲ್ಯಾಶ್ ಹಾಕಬೇಡಿ. ಮನೆಯವರೊಬ್ಬರು ಇನ್ನೊಂದು ಫೋನಿನ ಟಾರ್ಚಿಗೆ ಬಿಳಿ ಕರವಸ್ತ್ರ ಸುತ್ತಿ ಪಕ್ಕದಿಂದ ಹಿಡಿಯಲಿ. ನಿಮ್ಮ ಫೋನನ್ನು ಸ್ಟೂಲಿನ ಮೇಲೆ ಪುಸ್ತಕಗಳ ಆಸರೆಯಲ್ಲಿ ನಿಲ್ಲಿಸಿ ಮೂರು ಸೆಕೆಂಡಿನ ಟೈಮರ್ ಇಡಿ. ಅರ್ಧ ಗಂಟೆಗೊಂದರಂತೆ ತೆಗೆದರೆ ಮೊಗ್ಗಿನಿಂದ ಹೂವಿನವರೆಗಿನ ಇಡೀ ಕತೆ ನಿಮ್ಮದಾಗುತ್ತದೆ.

ಮನೆಯಾಚೆಗೂ ಅವಕಾಶ ಬೇಕಾದಷ್ಟಿದೆ. ಬೆಂಗಳೂರಿನ ರಸ್ತೆಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಗುಲಾಬಿ ಟಬೆಬುಯಾ. ಕೊಡಗು, ಚಿಕ್ಕಮಗಳೂರಿನಲ್ಲಿ ಬೇಸಿಗೆಯ ಮೊದಲ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಗಿಡಗಳೆಲ್ಲ ಬೆಳ್ಳಗಾಗುತ್ತವೆ, ಎರಡು ಮೂರು ದಿನದಲ್ಲಿ ಮುಗಿದೂ ಹೋಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಗುಂಡ್ಲುಪೇಟೆಯ ರಸ್ತೆಬದಿಗೆ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು. ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನ. 1889ರಲ್ಲಿ ಅಡಿಗಲ್ಲು ಹಾಕಿದ ಅಲ್ಲಿನ ಗಾಜಿನ ಮನೆಯೊಳಗೆ ಬೆಳಕು ಗಾಜಿನಿಂದ ಸೋಸಿ ಬರುವುದರಿಂದ ನಡುಹಗಲಲ್ಲೂ ಫೋಟೊ ತೆಗೆಯಬಹುದು. ಜನಜಂಗುಳಿ ತಪ್ಪಿಸಲು ವಾರದ ದಿನ, ಬಾಗಿಲು ತೆರೆದ ಕೂಡಲೇ ಹೋಗಿ.

ತಿದ್ದುವಾಗ ಕೈ ಹಿಡಿತದಲ್ಲಿರಲಿ

ಫೋನಿನ ಗ್ಯಾಲರಿಯಲ್ಲೇ ಇರುವ ಎಡಿಟ್ ಅಥವಾ ಸ್ನ್ಯಾಪ್‌ಸೀಡ್‌ನಂಥ ಉಚಿತ ಆ್ಯಪ್ ಸಾಕು. ಮೊದಲು ಬೇಡದ ಅಂಚು ಕತ್ತರಿಸಿ. ಆಮೇಲೆ ಬೆಳಕು ಸರಿಮಾಡಿ. ನೆರಳಿನಲ್ಲಿ ತೆಗೆದ ಬಿಳಿ ಹೂವು ನೀಲಿಯಾಗಿ ಬಂದಿದ್ದರೆ ವಾರ್ಮ್ತ್ ಪಟ್ಟಿಯನ್ನು ತುಸು ಹೆಚ್ಚಿಸಿ. ಬಣ್ಣ ಏರಿಸುವ ಸ್ಯಾಚುರೇಶನ್ ಪಟ್ಟಿಯನ್ನು ಆದಷ್ಟು ಮುಟ್ಟದಿರಿ. ಕನಕಾಂಬರದ ಬಣ್ಣ ಹೇಗಿರುತ್ತದೆಂದು ನೋಡುವವರಿಗೆಲ್ಲ ಗೊತ್ತು, ಅದನ್ನು ಮೀರಿದ ಬಣ್ಣ ಕಣ್ಣಿಗೆ ಸುಳ್ಳೆನಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಎಚ್‌ಡಿ ಆರಿಸಿ, ಅಥವಾ ಡಾಕ್ಯುಮೆಂಟ್ ಆಗಿ ಕಳಿಸಿ. ಹಾಗೇ ಕಳಿಸಿದರೆ ಫೋಟೊ ಹಿಂಡಿಹೋಗಿ ವಿವರ ಕಳೆದುಕೊಳ್ಳುತ್ತದೆ.

ಹೆಸರು ತಿಳಿಯಿರಿ, ಹೂವನ್ನು ಗಿಡದಲ್ಲೇ ಬಿಡಿ

ಗುರುತು ಸಿಗದ ಹೂವು ಕಂಡರೆ ಚೆಂದದ ಫೋಟೊದ ಜೊತೆಗೆ ಇನ್ನೂ ನಾಲ್ಕು ತೆಗೆದುಕೊಳ್ಳಿ: ಹೂವಿನ ಹಿಂಬದಿ, ಎಲೆ, ಎಲೆ ಕಾಂಡಕ್ಕೆ ಸೇರುವ ಜಾಗ, ಇಡೀ ಗಿಡ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣಗಳಲ್ಲಿ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ, ನಿಮ್ಮ ಫೋಟೊ ಒಂದು ದಾಖಲೆಯೂ ಆಗುತ್ತದೆ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ತಮ್ಮ 'ಹಸುರು ಹೊನ್ನು' ಪುಸ್ತಕಕ್ಕೆ ಗಿಡ, ಹೂವುಗಳ ಚಿತ್ರಗಳನ್ನು ತಾವೇ ಬರೆದರು. ಚಿತ್ರ ಬರೆಯುವವರು ಎಸಳನ್ನು ಎಣಿಸಲೇಬೇಕು, ಎಲೆಯ ಅಂಚನ್ನು ಗಮನಿಸಲೇಬೇಕು. ಫೋನಿನಲ್ಲಿ ಆ ಶ್ರಮವಿಲ್ಲದೆಯೇ ಚಿತ್ರ ಬಂದುಬಿಡುತ್ತದೆ. ಆದ್ದರಿಂದ ಆ ಗಮನವನ್ನು ನಾವೇ ಬೇರೆಯಾಗಿ ರೂಢಿಸಿಕೊಳ್ಳಬೇಕು.

ಫೋಟೊಗಾಗಿ ಹೂವು ಕೀಳಬೇಡಿ. ಬೇರೆ ಗಿಡ ತುಳಿಯಬೇಡಿ. ಹೊಲಕ್ಕಿಳಿಯುವ ಮೊದಲು ರೈತರನ್ನು ಕೇಳಿ, ಅದು ಅವರ ಬೆಳೆ. ಬಾಬಾಬುಡನ್‌ಗಿರಿ ಸಾಲಿನಲ್ಲಿ 2022ರಲ್ಲಿ ನೀಲಕುರಿಂಜಿ ಅರಳಿದ್ದು ಹಲವರಿಗೆ ನೆನಪಿರಬಹುದು. ಆ ಗಿಡ 12 ವರ್ಷ ಬೆಳೆದು ಒಮ್ಮೆ ಮಾತ್ರ ಹೂ ಬಿಡುತ್ತದೆ, ಬೀಜ ಉದುರಿಸಿ ಸಾಯುತ್ತದೆ. ಸೆಲ್ಫಿಗೆಂದು ಕಿತ್ತ ಒಂದು ಗೊಂಚಲೆಂದರೆ ಮುಂದಿನ ಪೀಳಿಗೆಯ ಬೀಜ ಅಷ್ಟು ಕಡಿಮೆಯಾದಂತೆ.

ಒಂದು ಗಿಡ, ಏಳು ದಿನ

ಕೊನೆಯದಾಗಿ ಒಂದು ಅಭ್ಯಾಸ. ಮನೆಯಲ್ಲಿ, ಬಾಲ್ಕನಿಯ ಕುಂಡದಲ್ಲಿ, ಇಲ್ಲವೇ ಬೀದಿಯಲ್ಲಿರುವ ಒಂದೇ ಗಿಡವನ್ನು ಆರಿಸಿಕೊಳ್ಳಿ. ಮೊದಲ ದಿನ ಬೆಳಗಿನ ಬೆಳಕಿನಲ್ಲಿ, ಎರಡನೆಯ ದಿನ ಸೂರ್ಯನಿಗೆ ಎದುರಾಗಿ, ಮೂರನೆಯ ದಿನ ನೆರಳಿನಲ್ಲಿ ತೆಗೆಯಿರಿ. ನಾಲ್ಕನೆಯ ದಿನ ಮಗ್ಗುಲಿನಿಂದ, ಐದನೆಯ ದಿನ ನೆಲಮಟ್ಟದಿಂದ. ಆರನೆಯ ದಿನ ಮೊಗ್ಗು ಮಾತ್ರ. ಏಳನೆಯ ದಿನ ಬಾಡಿದ ಹೂವು, ಅದರ ಸುಕ್ಕಿನಲ್ಲೂ ಚೆಲುವಿದೆ. ದಿನಕ್ಕೆ ಹತ್ತು ನಿಮಿಷ ಮೀರದಿರಲಿ, ದಿನದ ಕೊನೆಗೆ ಒಂದೇ ಫೋಟೊ ಉಳಿಯಲಿ.

ವಾರದ ಕೊನೆಗೆ ಆ ಏಳನ್ನೂ ಸಾಲಾಗಿ ಇಟ್ಟು ನೋಡಿ. ಮೊದಲನೆಯದಕ್ಕೂ ಏಳನೆಯದಕ್ಕೂ ನಡುವೆ ಫೋನು ಬದಲಾಗಿಲ್ಲ, ಗಿಡವೂ ಬದಲಾಗಿಲ್ಲ. ಬದಲಾದದ್ದು ನಿಮ್ಮ ನೋಟ. ನಾಳೆ ಬೆಳಿಗ್ಗೆ ಹೂವು ಬಿಡಿಸಲು ಹೋಗುವಾಗ ಬುಟ್ಟಿಯ ಜೊತೆ ಫೋನನ್ನೂ ಒಯ್ಯಿರಿ. ಒಂದು ಹೂವನ್ನು ಗಿಡದಲ್ಲೇ ಬಿಟ್ಟು, ಅದರ ಎದುರು ಐದು ನಿಮಿಷ ಕೂತುಕೊಳ್ಳಿ.